ಕೇಳುವ ಮೊದಲೇ ಸಿಕ್ಕಿದ್ದ ಒಪ್ಪಿಗೆ

ಬಿಕಿನಿ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಈಜುಡುಗೆ. ಅದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿನ ಒಂದು ಹವಳದ್ವೀಪದ ಹೆಸರು. 1946ರ ಜುಲೈ 1ರಂದು ಅಲ್ಲಿ ಅಣುಬಾಂಬ್ ಸಿಡಿಯಿತು. ನಾಲ್ಕೇ ದಿನಕ್ಕೆ ಪ್ಯಾರಿಸ್‌ನಲ್ಲಿ ಆ ಹೆಸರು ಬಟ್ಟೆಗೆ ಅಂಟಿತು. ಈ ಕಥೆ ಗೊತ್ತಿದ್ದವರೂ ಅದನ್ನು ಹೇಳುವಾಗ ಒಂದು ಮಾತು ಸೇರಿಸುತ್ತಾರೆ: ಪರೀಕ್ಷೆಗಾಗಿ ದ್ವೀಪ ಬಿಟ್ಟುಕೊಡಲು ಅಲ್ಲಿನ ಜನ ಒಪ್ಪಿದರು. ನನ್ನ ತಕರಾರು ಇರುವುದು ಆ ಕೊನೆಯ ಕ್ರಿಯಾಪದದ ಬಗ್ಗೆ.

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಪರೀಕ್ಷೆ ನಡೆಯುವುದು ಬಿಕಿನಿಯಲ್ಲಿ ಎಂದು ವಾಷಿಂಗ್ಟನ್‌ನಲ್ಲಿ ಪ್ರಕಟವಾದದ್ದು 1946ರ ಜನವರಿಯಲ್ಲಿ. ಸೇನಾ ಆಡಳಿತಗಾರ ಕಮಡೋರ್ ಬೆನ್ ವಯಾಟ್ ಬಿಕಿನಿಗೆ ಬಂದದ್ದು ಫೆಬ್ರವರಿಯ ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ. ಮನುಕುಲದ ಒಳಿತಿಗಾಗಿ, ಯುದ್ಧಗಳನ್ನೆಲ್ಲ ಕೊನೆಗಾಣಿಸುವುದಕ್ಕಾಗಿ, ಸ್ವಲ್ಪ ಕಾಲದ ಮಟ್ಟಿಗೆ ದ್ವೀಪ ಬಿಡುವಿರಾ ಎಂದು ಆತ ಕೇಳಿದ. ಎಲ್ಲವೂ ದೇವರ ಕೈಯಲ್ಲಿದೆ ಎಂಬರ್ಥದ ಮಾತನ್ನು ಮುಖಂಡ ಜೂಡಾ ಹೇಳಿದರು. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ‘ನಿನಗೆ ಒಪ್ಪಿಗೆಯೇನಮ್ಮ’ ಎಂದು ಮಗಳನ್ನು ಕೇಳುವ ಮನೆಗಳು ನಮಗೆ ಗೊತ್ತು. ಆ ಪ್ರಶ್ನೆಗೆ ಎಷ್ಟು ಬೆಲೆಯೋ ವಯಾಟ್‌ನ ಪ್ರಶ್ನೆಗೂ ಅಷ್ಟೇ.

ಎರಡೇ ವರ್ಷದ ಹಿಂದೆ ಜಪಾನಿನಿಂದ ಈ ದ್ವೀಪಗಳನ್ನು ಗೆದ್ದುಕೊಂಡಿದ್ದ ಸೈನ್ಯದ ಎದುರು 167 ಜನ ಇಲ್ಲ ಎಂದಿದ್ದರೆ ಹಡಗುಗಳು ಹಿಂದಿರುಗುತ್ತಿದ್ದವೇ? ಇಲ್ಲ ಎನ್ನುವ ದಾರಿಯೇ ಇಲ್ಲದ ಕಡೆ ಹೌದು ಎಂಬ ಮಾತಿಗೆ ಅರ್ಥವಿಲ್ಲ. ಸಾಲದ್ದಕ್ಕೆ ಆ ಸಂಭಾಷಣೆಯನ್ನು ಕ್ಯಾಮೆರಾ ಮುಂದೆ ಮತ್ತೆ ಮತ್ತೆ ಆಡಿಸಿ ಚಿತ್ರೀಕರಿಸಿಕೊಂಡರು. ನಿಜವಾದ ಒಪ್ಪಿಗೆಗೆ ರಿಹರ್ಸಲ್ ಬೇಕಾಗುವುದಿಲ್ಲ.

‘ಸ್ವಲ್ಪ ಕಾಲ’ ಎಂಬುದರ ಗತಿ ನೋಡಿ. ಮೊದಲು ರೊಂಗೆರಿಕ್‌ಗೆ ಸಾಗಿಸಿದರು. ಅಲ್ಲಿ ಸಾಕಷ್ಟು ಅನ್ನ, ನೀರು ಇಲ್ಲದೆ ಜನ ಹಸಿವಿನಿಂದ ಸೊರಗಿದರು. 1948ರಲ್ಲಿ ಕ್ವಾಜಲೀನ್‌ನ ವಿಮಾನದ ಓಡುಹಾದಿಯ ಪಕ್ಕ ಡೇರೆಗಳಲ್ಲಿಟ್ಟರು. ಅದೇ ವರ್ಷದ ಕೊನೆಗೆ ಕಿಲಿಗೆ. ಕಿಲಿಯ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಬಿಕಿನಿಯಲ್ಲಿದ್ದಂತೆ ಅಲೆ ತಡೆಯುವ ಒಳಗಡಲು ಅಲ್ಲಿಲ್ಲ. ದೋಣಿ ನಡೆಸಿ ಮೀನು ಹಿಡಿದು ಬದುಕಿದವರಿಗೆ ಕಡಲು ಕಣ್ಣೆದುರೇ ಇದ್ದೂ ಕೈಗೆ ಸಿಗದಂತಾಯಿತು. ಬಿಕಿನಿ ಸುರಕ್ಷಿತವಾಗಿದೆ, ಹಿಂದಿರುಗಬಹುದು ಎಂದು 1968ರಲ್ಲಿ ಅಧ್ಯಕ್ಷ ಜಾನ್ಸನ್ ಮಾತು ಕೊಟ್ಟ. ನಂಬಿ ಹೋದವರು ಅಲ್ಲಿನ ಎಳನೀರು ಕುಡಿದರು, ಅಲ್ಲಿನ ಬೆಳೆ ತಿಂದರು. ಮೈಯೊಳಗೆ ಸೀಸಿಯಂ ಸೇರಿತು. 1978ರಲ್ಲಿ ಮತ್ತೆ ಎಬ್ಬಿಸಿದರು.

ಇನ್ನು ‘ಮನುಕುಲ’. 1946ರಿಂದ 1958ರವರೆಗೆ ಬಿಕಿನಿಯಲ್ಲಿ 23 ಸ್ಫೋಟಗಳು. 1954ರ ಮಾರ್ಚ್ 1ರ ‘ಬ್ರಾವೊ’ ಹಿರೋಶಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ನೆರೆಯ ರೊಂಗೆಲಾಪ್‌ನವರನ್ನು 1946ರ ಸಣ್ಣ ಸ್ಫೋಟಗಳಿಗೆ ಮುಂಚೆ ದೂರ ಕಳಿಸಿದ್ದರು. ಈ ಸಲ ಆ ಗೋಜಿಗೂ ಹೋಗಲಿಲ್ಲ. ಬಿಳಿ ಬೂದಿ ಸುರಿದು ಎರಡು ದಿನವಾದ ಮೇಲೆ ಹಡಗು ಬಂತು. ಯಾರ ಒಳಿತಿಗಾಗಿ ಎಂದು ಇಷ್ಟೆಲ್ಲ ನಡೆಯಿತೋ ಆ ಮನುಕುಲದ ಲೆಕ್ಕದಲ್ಲಿ ಇವರು ಇರಲೇ ಇಲ್ಲ.

ಆ ಕಾಲಕ್ಕೆ ಇದರ ಅಪಾಯ ಯಾರಿಗೆ ಗೊತ್ತಿತ್ತು ಎನ್ನುವವರಿದ್ದಾರೆ. ಗೊತ್ತಿತ್ತು. 1954ರ ಏಪ್ರಿಲ್‌ನಲ್ಲೇ ಮಾರ್ಷಲ್ ದ್ವೀಪದವರು ಪರೀಕ್ಷೆ ನಿಲ್ಲಿಸಿ ಎಂದು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟರು. ಅದೇ ತಿಂಗಳು ನೆಹರೂ ಲೋಕಸಭೆಯಲ್ಲಿ ಇಂಥ ಸ್ಫೋಟಗಳನ್ನಾದರೂ ತಕ್ಷಣ ತಡೆಹಿಡಿಯಬೇಕೆಂದು ಕೇಳಿದರು. ಮೇಲಾಗಿ, ಈ ಜನರ ನೆಲ ಕೈತಪ್ಪದಂತೆ ಕಾಯುತ್ತೇನೆಂದು 1947ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಅಮೆರಿಕವೇ ಮಾತು ಕೊಟ್ಟಿತ್ತು. ಪರಿಹಾರ ಕೊಟ್ಟಿದ್ದಾರಲ್ಲ ಎನ್ನುವವರೂ ಇದ್ದಾರೆ. ಎರಡು ದೇಶಗಳ ಒಪ್ಪಂದದಿಂದಲೇ ಹುಟ್ಟಿದ ನ್ಯಾಯಮಂಡಳಿ 2001ರಲ್ಲಿ ಬಿಕಿನಿಯವರಿಗೆ 56 ಕೋಟಿ ಡಾಲರ್‌ಗೂ ಹೆಚ್ಚು ಸಲ್ಲಬೇಕೆಂದಿತು. ಅದನ್ನು ತೀರಿಸುವಷ್ಟು ಹಣ ನಿಧಿಯಲ್ಲಿರಲಿಲ್ಲ. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೊಕದ್ದಮೆಯನ್ನು ಕೇಳಲೂ ಒಪ್ಪಲಿಲ್ಲ. ಈ ಇಡೀ ಕಥೆಯಲ್ಲಿ ಒಪ್ಪುವ, ಒಪ್ಪದಿರುವ ಸ್ವಾತಂತ್ರ್ಯ ಇದ್ದದ್ದು ಯಾರಿಗೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಭಾಷೆಯ ಮೇಲೆ ಪ್ರೀತಿಯಿರುವವರು ನೀವು, ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ‘ಸ್ಥಳಾಂತರ’ ಎಂಬುದು ಕಚೇರಿಗೆ, ಬಸ್ ನಿಲ್ದಾಣಕ್ಕೆ ಒಪ್ಪುವ ಮಾತು. ‘ಒಪ್ಪಿದರು’ ಎಂಬುದು ವಯಾಟ್‌ನ ಮಾತು. ಉತ್ತು ಬಿತ್ತಿದವನನ್ನು ಅವನ ನೆಲದಿಂದಲೇ ಹೊರಹಾಕುವುದಕ್ಕೆ ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಒಂದು ಮಾತಿದೆ; ಹೊರಹಾಕಿದವರು ಯಾರು ಎಂಬ ಪ್ರಶ್ನೆಯನ್ನೂ ಅದು ಬೆನ್ನಿಗೇ ಎಬ್ಬಿಸುತ್ತದೆ. ಬಿಕಿನಿಯ ಬಗ್ಗೆ ಮುಂದೆ ಬರೆಯುವಾಗ ಅದನ್ನೇ ಬಳಸಿ: 167 ಜನರನ್ನು ಒಕ್ಕಲೆಬ್ಬಿಸಿದರು.