ಹಳೇ ಕಾರಿಗೂ ಒಂದು ಪಂಚವಾರ್ಷಿಕ ಯೋಜನೆ ಬೇಡವೇ?

ಹಳೇ ಕಾರು ಕೊಳ್ಳುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಮೊದಲೇ ಇದನ್ನು ಸ್ಪಷ್ಟಪಡಿಸಿಬಿಡುತ್ತೇವೆ, ಇಲ್ಲದಿದ್ದರೆ "ಮೇಷ್ಟ್ರಿಗೇನು ಗೊತ್ತು ನಮ್ಮ ಕಷ್ಟ" ಎಂದು ಜಗಳಕ್ಕೆ ಬರುವವರಿದ್ದಾರೆ. ಸಾಲ ಮಾಡಿ ಹೊಸ ಕಾರು ತಂದು ಏಳು ವರ್ಷ ಕಂತು ಕಟ್ಟುವುದಕ್ಕಿಂತ ಕೈಯಲ್ಲಿರುವ ದುಡ್ಡಿಗೆ ಹಳೆಯದೊಂದನ್ನು ಕೊಳ್ಳುವುದೇ ಜಾಣತನ. ನಮ್ಮ ತಕರಾರು ಇರುವುದು ಕೊಂಡ ಮೇಲಿನ ಕಥೆಯ ಬಗ್ಗೆ.

ಬೆಂಗಳೂರು ನಮಗೆ ನಲವತ್ತು ಕಿಲೋಮೀಟರು. ಅಲ್ಲಿ ಬೇಡವಾದ ಕಾರುಗಳು ಅತ್ತಿಬೆಲೆ ದಾಟಿ ಹೊಸೂರಿಗೆ ಬರುತ್ತವೆ, ಹೊಸೂರಿನಿಂದ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಹಳ್ಳಿಗಳಿಗೆ ಹೋಗುತ್ತವೆ. "ಅಗ್ಗಕ್ಕೆ ಸಿಕ್ತು ಸಾರ್!" ಎಂದು ಎಲ್ಲರಿಗೂ ಸಿಹಿ ಹಂಚುತ್ತಾರೆ. ಆರು ತಿಂಗಳ ನಂತರ ಬ್ರೇಕ್ ಹಾಕಿದಾಗ ಕಿರ್ ಎನ್ನುತ್ತದಲ್ಲ ಎಂದರೆ ಉತ್ತರ ಸಿದ್ಧ: "ಹಳೇ ಗಾಡಿ, ಅದಕ್ಕೆ ಯಾಕೆ ದುಡ್ಡು ಸುರೀಬೇಕು? ಓಡೋವರೆಗೂ ಓಡಲಿ ಬಿಡಿ."

ಓಡೋವರೆಗೂ ಓಡಲಿ! ಎತ್ತಿನ ಗಾಡಿಗೂ ನಮ್ಮ ಅಜ್ಜಂದಿರು ಹೀಗೆ ಹೇಳಲಿಲ್ಲ. ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿರಲಿಲ್ಲ.

ಇನ್ನೊಂದು ವಾದವಿದೆ. "ಪೇಪರ್ ಎಲ್ಲಾ ಸರಿ ಇದೆ ಸಾರ್." ಇರಬಹುದು. ಆದರೆ ಸ್ವಂತ ಬಳಕೆಯ ಕಾರಿನ ಆರ್‌ಸಿ ಮೊದಲ ಸಲ ಹದಿನೈದು ವರ್ಷಕ್ಕೆ ಸಿಗುತ್ತದೆ. ಅಷ್ಟು ವರ್ಷ ಹೊಗೆ ತಪಾಸಣೆ ಬಿಟ್ಟರೆ ಅದರ ಬ್ರೇಕು, ಸ್ಟೀರಿಂಗು, ತಳ ಯಾವುದನ್ನೂ ಸರ್ಕಾರದವರು ಬಗ್ಗಿ ನೋಡುವುದಿಲ್ಲ. ನೋಡಿದರೂ ಏನಾಗುತ್ತದೆ ಎಂಬುದಕ್ಕೆ 2012ರ ಜುಲೈ ತಿಂಗಳು ಸಾಕ್ಷಿ. ಚೆನ್ನೈನ ತಾಂಬರಂ ಬಳಿ ಎರಡನೇ ತರಗತಿಯ ಹುಡುಗಿಯೊಬ್ಬಳು ಓಡುತ್ತಿದ್ದ ಶಾಲಾ ಬಸ್ಸಿನ ನೆಲದಲ್ಲಿದ್ದ ತೂತಿನಿಂದ ಕೆಳಗೆ ಬಿದ್ದು ಸತ್ತಳು. ಆ ಬಸ್ಸಿಗೆ ಎಫ್‌ಸಿ ಇತ್ತು! ಆಮೇಲೆ ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು, ಶಾಲಾ ವಾಹನಗಳಿಗೆಂದೇ ತಮಿಳುನಾಡಿನಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಈಗ ಶಾಲೆ ತೆರೆಯುವ ಮುನ್ನ ಹಳದಿ ಬಸ್ಸುಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ನೋಡುತ್ತಾರೆ. ಆದರೆ ನಾಲ್ಕು ಮನೆಯವರು ಸೇರಿ ಮಕ್ಕಳನ್ನು ತುಂಬಿ ಕಳಿಸುವ ಬಿಳಿ ಬೋರ್ಡಿನ ಹಳೇ ಓಮ್ನಿ ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಅದನ್ನು ಬಾಡಿಗೆಗೆ ಓಡಿಸುವುದೇ ಕಾನೂನಿಗೆ ವಿರುದ್ಧ, ಅದು ಬೇರೆ ಮಾತು. ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಅಂದರೆ ಈಗ ಕಾಣುವ ಪ್ರತಿಯೊಂದು ಓಮ್ನಿಯೂ ಹಳೆಯದೇ.

ಬ್ರೇಕಿನ ವಿಷಯಕ್ಕೇ ಬರೋಣ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500. ಶೂಳಗಿರಿ ದಾಟಿ ಮೇಲುಮಲೆಯಲ್ಲಿ ಇಳಿಯುವಾಗ ಇದು ಪುಸ್ತಕದ ಲೆಕ್ಕವಲ್ಲ, ಕಾಲಿಗೇ ತಿಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ವರ್ಷಗಟ್ಟಲೆ ಬದಲಿಸದಿದ್ದರೆ ಅದರೊಳಗೆ ನೀರಿನ ಅಂಶ ಸೇರುತ್ತದೆ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಅದು ಕಾದು ಆವಿಯಾಗುತ್ತದೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಮುಗಿಯಿತು, ನೂರುಗಳ ಲೆಕ್ಕದ ಖರ್ಚು. ಇದಕ್ಕೂ ಚೌಕಾಸಿ ಮಾಡುವವರನ್ನು ನಾವು ಕಂಡಿದ್ದೇವೆ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದು ನಮ್ಮ ಕಡೆಯ ಇನ್ನೊಂದು ಚಾಳಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವೆ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ ಎಂದು ಯೋಚಿಸುವುದಿಲ್ಲ. (ಕುಡಿಯಲು ಈ ಜಿಲ್ಲೆಗಳ ಅಂತರ್ಜಲ ಬೇಡವೆಂದೇ ಹೊಗೇನಕಲ್ ನೀರು ತರಿಸಿಕೊಂಡೆವು, ಅದು ಫ್ಲೋರೈಡಿನ ಕಥೆ.) ಕೂಲೆಂಟ್ ಹಾಕಿ, ಅದರ ಗಡುವಿಗೆ ಬದಲಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಓದಿದ್ದೀರಾ? 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ಅಚ್ಚು ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹೊತ್ತಿಗೆ ರಬ್ಬರು ಗಟ್ಟಿಯಾಗಿರುತ್ತದೆ.

ದುಡ್ಡೆಲ್ಲಿಂದ ತರೋಣ ಎನ್ನುವವರಿಗೆ ಒಂದು ಲೆಕ್ಕ. ಮುಂದಿನ ಐದು ವರ್ಷಕ್ಕೆ ನಾಲ್ಕು ಟೈರು 16,000, ಬ್ಯಾಟರಿ 5,000, ಕ್ಲಚ್ 10,000, ಟೈಮಿಂಗ್ ಬೆಲ್ಟ್ 6,000, ಸಸ್ಪೆನ್ಷನ್ ಕೆಲಸ 13,000, ಆರ್‌ಸಿ ನವೀಕರಣ 5,000 ಎಂದಿಟ್ಟುಕೊಳ್ಳಿ. ಒಟ್ಟು 55,000. ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 917 ರೂಪಾಯಿ. ವರ್ಷದ ಸರ್ವಿಸಿಗೆ 6,000 ಎಂದರೆ ಇನ್ನೊಂದು 500. ವಿಮೆ ಬೇರೆ. ಅಂಕಿಗಳು ನಿಮ್ಮ ಗಾಡಿಗೆ ತಕ್ಕಂತೆ ಬದಲಾಗಲಿ, ರೀತಿ ಇದೇ. ಕ್ಲಚ್ ಹೋದ ದಿನ ಹತ್ತು ಸಾವಿರಕ್ಕೆ ಕೈಸಾಲ ಹುಡುಕುವವನಿಗೆ ತಿಂಗಳಿಗೆ ಒಂದೂವರೆ ಸಾವಿರ ಎತ್ತಿಡುವುದು ಭಾರವೇ? ಏಳನೇ ತರಗತಿಯ ಮಕ್ಕಳು ಎರಡು ನಿಮಿಷದಲ್ಲಿ ಮಾಡುವ ಭಾಗಾಕಾರವನ್ನು ನಾವು ದೊಡ್ಡವರು ಕಾರು ಕೊಳ್ಳುವ ದಿನ ಮಾಡುವುದಿಲ್ಲ.

ಆ ಐದು ಸಾವಿರವೂ ಸುಮ್ಮನೆ ಬರೆದದ್ದಲ್ಲ. ಕಾರಿನ ಆರ್‌ಸಿ ನವೀಕರಣದ ಶುಲ್ಕ 600 ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಹದಿನಾಲ್ಕು ವರ್ಷದ ಕಾರನ್ನು "ಅಗ್ಗ" ಎಂದು ಕೊಳ್ಳುವಾಗ ಮಾರುವವನು ಇದನ್ನು ಹೇಳುವುದಿಲ್ಲ. ಕೆಎ ನಂಬರಿನ ಗಾಡಿಯಾದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳಲು ಎನ್‌ಒಸಿ ತಂದು ಟಿಎನ್ ನಂಬರ್ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಗಡಿಯವರಾದ ನಮಗೆ ಎಲ್ಲದಕ್ಕೂ ಎರಡು ಕಚೇರಿ, ಇದೊಂದಕ್ಕೆ ವಿನಾಯಿತಿ ಯಾಕೆ ಸಿಗುತ್ತದೆ?

ಕಾರಿನೊಳಗೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಡಿ. ಕೈಪಿಡಿ ಇಂಗ್ಲಿಷಿನಲ್ಲಿದೆ ಎಂಬ ನೆಪ ಬೇಡ. ಹೊಸೂರಿನ ಮೆಕ್ಯಾನಿಕ್ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಯಬಲ್ಲ, ವಿವರಿಸಲೂ ಬಲ್ಲ. ಅವನು ಹೇಳಿದ್ದನ್ನು ಕನ್ನಡದಲ್ಲೇ ಬರೆಯಿರಿ: ತಾರೀಖು, ಕಿಲೋಮೀಟರು, ಬದಲಿಸಿದ್ದೇನು, ಮುಂದಿನ ಗಡುವು ಯಾವಾಗ. ಕೈಬರಹ ಚೆನ್ನಾಗಿರುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಆ ಕೆಲಸ ಅವರಿಗೇ ಕೊಡಿ.

ಪಾಲಕರಲ್ಲಿ ಒಂದು ಮಾತು. ಜೂನಿನಲ್ಲಿ ನಿಮ್ಮ ಮಗುವನ್ನು ಯಾರದಾದರೂ ಹಳೇ ಗಾಡಿಯಲ್ಲಿ ಕಳಿಸುವುದಾದರೆ, ತಿಂಗಳಿಗೆ ಎಷ್ಟು ಕೊಡಬೇಕು ಎಂದು ಕೇಳುವ ಮೊದಲು ಆ ಪುಸ್ತಕ ತೋರಿಸಿ ಎನ್ನಿ. ಪುಸ್ತಕವಿಲ್ಲದಿದ್ದರೆ ಬಗ್ಗಿ ಗಾಡಿಯ ತಳವನ್ನಾದರೂ ನೋಡಿ.