ಕೆಟ್ಟ ಮೇಲೆ ಏನಾಗುತ್ತದೆ ಎಂದೂ ಕೇಳೋಣ

ಒಂದು ರಬ್ಬರ್ ಬ್ಯಾಂಡನ್ನು ಕತ್ತರಿಸಿ ತುದಿಗಳನ್ನು ಒತ್ತಿ ಹಿಡಿಯಿರಿ. ಎಷ್ಟು ಹೊತ್ತು ಹಿಡಿದರೂ ಕೂಡುವುದಿಲ್ಲ. ಈಗ ಮನೆಯಲ್ಲಿ ನಾದಿಟ್ಟ ಚಪಾತಿ ಹಿಟ್ಟನ್ನು ಎರಡು ತುಂಡು ಮಾಡಿ ಒತ್ತಿ ನೋಡಿ. ಕೂಡಿಕೊಂಡಿತಲ್ಲವೇ? ಆದರೆ ಜೋರಾಗಿ ಎಳೆದರೆ ಹಿಟ್ಟು ಹರಿಯುತ್ತದೆ. ರಬ್ಬರು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಈ ಎರಡು ಗುಣಗಳೂ ಒಂದೇ ವಸ್ತುವಿನಲ್ಲಿ ಇರಲಾರವೇ?

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದರು. ಗಂಧಕವು ರಬ್ಬರಿನ ಉದ್ದನೆಯ ಅಣುಗಳನ್ನು ಒಂದಕ್ಕೊಂದು ಹೊಲಿದಂತೆ ಬಂಧಿಸುತ್ತದೆ. ಈ ಹೊಲಿಗೆ ಹರಿದರೆ ತಾನಾಗಿ ಕೂಡದು. ಹಳೆಯ ಟೈರನ್ನು ಸುಮ್ಮನೆ ಕರಗಿಸಿ ಹೊಸ ಟೈರು ಮಾಡಲು ಆಗದಿರುವುದೂ ಇದರಿಂದಲೇ. ಸವೆದ ಟೈರುಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುವುದನ್ನು ನೀವೂ ನೋಡಿರಬಹುದು.

2008ರಲ್ಲಿ ಪ್ಯಾರಿಸ್‌ನ ವಿಜ್ಞಾನಿ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಬೇರೆ ಬಗೆಯ ರಬ್ಬರನ್ನು ಪ್ರಕಟಿಸಿದರು. ಸಸ್ಯದ ಎಣ್ಣೆಯಿಂದ ದೊರೆಯುವ ಕೊಬ್ಬಿನ ಆಮ್ಲ, ಯೂರಿಯಾ ಮುಂತಾದವುಗಳಿಂದ ಮಾಡಿದ ಈ ರಬ್ಬರಿನಲ್ಲಿ ಅಣುಗಳು ಹೈಡ್ರೋಜನ್ ಬಂಧಗಳಿಂದ ಕೂಡಿರುತ್ತವೆ. ಇದು ನೀವು ಆಟದಲ್ಲಿ ಕೈ ಕೈ ಹಿಡಿದು ನಿಂತಂತೆ. ಬಿಟ್ಟ ಕೈಯನ್ನು ಮತ್ತೆ ಹಿಡಿಯಬಹುದು. ಕತ್ತರಿಸಿದ ತುದಿಗಳನ್ನು ಕಾಯಿಸದೆಯೇ ಒತ್ತಿ ಹಿಡಿದರೆ ಸಾಕು, ಅವು ಕೂಡಿಕೊಂಡು ಮತ್ತೆ ಹಿಗ್ಗುತ್ತವೆ. ಆದರೆ ತುಂಬಾ ತಡಮಾಡಬಾರದು. ಅಷ್ಟರಲ್ಲಿ ಬಿಡಿಯಾದ 'ಕೈ'ಗಳು ತಮ್ಮ ಪಕ್ಕದಲ್ಲೇ ಬೇರೆ ಜೊತೆ ಹುಡುಕಿಕೊಂಡಿರುತ್ತವೆ!

ಕೈ ಹಿಡಿದ ಸಾಲು ಸುಲಭವಾಗಿ ಬಿಡಿಸಿಕೊಳ್ಳುವಂತೆ, ಇಂತಹ ಬಂಧಗಳಿಂದ ಮಾತ್ರ ಟೈರಿನಷ್ಟು ಬಲ ಬರದು. ಆದ್ದರಿಂದ ವಿಜ್ಞಾನಿಗಳು ಒಂದೇ ವಸ್ತುವಿನಲ್ಲಿ ಬಲವಾದ ಮತ್ತು ದುರ್ಬಲ ಬಂಧಗಳನ್ನು ಸೇರಿಸುತ್ತಿದ್ದಾರೆ. ಎಳೆದಾಗ ದುರ್ಬಲ ಬಂಧಗಳು ಮೊದಲು ಬಿಟ್ಟು ಪೆಟ್ಟನ್ನು ತಡೆದುಕೊಳ್ಳುತ್ತವೆ. ಬಲವಾದವು ಆಕಾರವನ್ನು ಕಾಪಾಡುತ್ತವೆ. ಬಿಸಿ ಅಥವಾ ಬೆಳಕು ತಾಗಿದಾಗ ಕೂಡಿಕೊಳ್ಳುವ ವಸ್ತುಗಳೂ ಇವೆ.

"ಹಾಳಾದರೆ ಹೊಸದು ಕೊಂಡರಾಯಿತು, ಇಷ್ಟೆಲ್ಲ ಶ್ರಮ ಏಕೆ?" ಎಂದು ಕೆಲವರು ಕೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕೊಳ್ಳುವಾಗ 'ಇದು ಎಷ್ಟು ಗಟ್ಟಿ?' ಎಂದು ನಾವೆಲ್ಲ ಕೇಳುತ್ತೇವೆ. 'ಕೆಟ್ಟ ಮೇಲೆ ಇದು ಏನಾಗುತ್ತದೆ?' ಎಂದು ಕೇಳುವುದಿಲ್ಲ. ಗುಡ್‌ಇಯರ್ ಅವರ ಕಾಲಕ್ಕೆ ಮೊದಲ ಪ್ರಶ್ನೆಯೇ ದೊಡ್ಡದಾಗಿತ್ತು. ಕಸದ ರಾಶಿ ಬೆಳೆದಿರುವ ನಮ್ಮ ಕಾಲಕ್ಕೆ ಎರಡನೆಯ ಪ್ರಶ್ನೆಯೂ ಅಷ್ಟೇ ಮುಖ್ಯ.

ನಿಮ್ಮ ಮನೆಯಲ್ಲಿರುವ ಐದು ರಬ್ಬರಿನ ವಸ್ತುಗಳನ್ನು ಪಟ್ಟಿ ಮಾಡಿ. ಕೆಟ್ಟ ಮೇಲೆ ಅವು ಎಲ್ಲಿಗೆ ಹೋಗುತ್ತವೆ? ಗೆಳೆಯರೊಡನೆ ಚರ್ಚಿಸಿ.