ಅಂಚಿನ ಗುರುತು

ಬೇಸಗೆಯ ರಜೆಯಲ್ಲಿ ಅಮದಳ್ಳಿಗೆ ಹೋದಾಗ ಸೋದರಮಾವನವರು ಜಗಲಿಯ ಮೇಲೆ ಕುಳಿತಿದ್ದರು. ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಆಗ ಎರಡು ತಿಂಗಳು. ಮಲದಲ್ಲಿ ರಕ್ತ ಕಾಣಿಸಿಕೊಂಡು ವರ್ಷವೇ ಕಳೆದಿದ್ದರೂ ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿ, ಅತ್ತೆಗೂ ಹೇಳದೆ, ಮಜ್ಜಿಗೆ ಕುಡಿಯುತ್ತ ದಿನ ದೂಡಿದ ಮಹಾನುಭಾವರು ಅವರು.

"ತಮ್ಮಾ, ಬೀಡಿ ಸೇದಲಿಲ್ಲ, ಹೆಂಡ ಮುಟ್ಟಲಿಲ್ಲ. ಇದು ನನಗೆ ಹೇಗೆ ಬಂತು?" ಎಂದರು.

ಕನ್ನಡ ಎಂ.ಎ. ಮಾಡಿದವನನ್ನು ಕೇಳತಕ್ಕ ಪ್ರಶ್ನೆಯೇ ಇದು? ಆದರೂ ಸೋದರಳಿಯನಾದ ತಪ್ಪಿಗೆ ಗ್ರಂಥಾಲಯವನ್ನು ಹೊಕ್ಕೆ.

ನಮ್ಮ ಜೀವಕಣಗಳು ಡಿ.ಎನ್.ಎ. ಎಂಬ ಮೂಲಗ್ರಂಥದಿಂದ ಬೇಕಾದ ಪುಟವನ್ನು ಆಗಾಗ ನಕಲು ಮಾಡಿಕೊಳ್ಳುತ್ತವೆ. ಆ ಪ್ರತಿಯೇ ಆರ್.ಎನ್.ಎ.; ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ. ಕೆಲವು ಅಕ್ಷರಗಳಿಗೆ ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ಗುರುತೊಂದು ಅಂಟಿರುವುದೆಂದು 1974ರಲ್ಲಿಯೇ ತಿಳಿದುಬಂದಿತ್ತು. ನಮ್ಮ ಕೊಂಬು, ದೀರ್ಘಗಳಂತೆ ಇದು ಶಬ್ದವನ್ನೇ ಬದಲಿಸುವಂಥದಲ್ಲ. ಕರಡಚ್ಚು ತಿದ್ದುವವರು ಅಂಚಿನಲ್ಲಿ ಮಾಡುವ ಗುರುತಿನಂತೆ, ಈ ಪ್ರತಿಯನ್ನು ಇರಿಸಿಕೊಳ್ಳಿ, ಇದನ್ನು ಬೇಗ ಹರಿದೊಗೆಯಿರಿ ಎಂದು ಸೂಚಿಸತಕ್ಕದ್ದು. ಗುರುತನ್ನು ಹಾಕುವ ಪ್ರೋಟೀನಿಗೆ ಲೇಖಕನೆಂದೂ ಗುರುತಿಸಿ ನಡೆಯುವುದಕ್ಕೆ ವಾಚಕನೆಂದೂ ವಿಜ್ಞಾನಿಗಳೇ ಹೆಸರಿಟ್ಟಿದ್ದಾರೆ! ನಮ್ಮ ಕಸುಬಿನ ಮಾತನ್ನು ಕಂಡು ನನಗೆ ಧೈರ್ಯ ಬಂತು.

ಇನ್ನು ಖಳನಾಯಕನ ಪ್ರವೇಶ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬುದು ಕದಿರಿನಂತೆ ಎರಡೂ ತುದಿ ಚೂಪಾದ ಸೂಕ್ಷ್ಮಜೀವಿ. ಅದರ ವಾಸ ನಮ್ಮ ಬಾಯಿಯಲ್ಲಿ, ಹಲ್ಲುವಸಡುಗಳ ಸಂದಿನಲ್ಲಿ. ಇದು ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೇರಳವಾಗಿರುವುದನ್ನು ಅಮೆರಿಕ ಮತ್ತು ಕೆನಡಾದ ಎರಡು ತಂಡಗಳು 2012ರಲ್ಲಿ ಬೇರೆಬೇರೆಯಾಗಿ ವರದಿಮಾಡಿದವು. ಅಲ್ಲಿ ಅದಕ್ಕೇನು ಕೆಲಸ? 2022ರಲ್ಲಿ ಚೀನದ ಸಂಶೋಧಕರು ಒಂದು ಉತ್ತರ ಕೊಟ್ಟರು. ಈ ಜೀವಿ ಸೋಂಕಿದರೆ ಕ್ಯಾನ್ಸರ್ ಕಣಗಳಲ್ಲಿ ಆ 'ಲೇಖಕ' ಪ್ರೋಟೀನು ಕುಗ್ಗುತ್ತದೆ, ಗುರುತುಗಳು ವಿರಳವಾಗುತ್ತವೆ, ಹರಿದೊಗೆಯಬೇಕಾದ ಪ್ರತಿಯೊಂದು ಉಳಿದುಕೊಂಡು, ಕಣಗಳು ಗಡ್ಡೆಯನ್ನು ಬಿಟ್ಟು ದೂರದ ಅಂಗಗಳಿಗೆ ವಲಸೆ ಹೋಗಲು ನೆರವಾಗುತ್ತದೆ. ಇಷ್ಟೂ ಕಂಡದ್ದು ಪ್ರಯೋಗಶಾಲೆಯ ಕಣಗಳಲ್ಲಿ ಮತ್ತು ಇಲಿಗಳಲ್ಲಿ. ರೋಗ ಹರಡುವ ಬಗೆಯನ್ನು ಇದು ಹೇಳಿತೇ ಹೊರತು ಮಾವನವರಿಗೆ ಅದು ಬಂದ ಕಾರಣವನ್ನಲ್ಲ.

ದಸರೆಗೆ ಹೋದಾಗ ಇದನ್ನೆಲ್ಲ ವಿವರಿಸಿದೆ.

"ಹಾಗಾದರೆ ಸರಿಯಾಗಿ ಹಲ್ಲುಜ್ಜಿದ್ದರೆ ಸಾಕಿತ್ತೋ?"

"ಅಷ್ಟು ಸುಲಭವಲ್ಲ, ಮಾವ. ರಕ್ತ ಕಂಡಾಗಲೇ ನಳಿಗೆ ಇಳಿಸಿ ಪರೀಕ್ಷೆ ಮಾಡಿಸಿದ್ದರೆ ಗಡ್ಡೆ ಸಣ್ಣದಿರುವಾಗಲೇ ಸಿಕ್ಕುತ್ತಿತ್ತೇನೋ. ಒಡಹುಟ್ಟಿದವರಿಗೂ ಅಪಾಯ ತುಸು ಹೆಚ್ಚಂತೆ."

"ನನಗಾದರೂ ಹೇಳಬಾರದಿತ್ತೇ?" ಎಂದಿತು ಅಡಿಗೆಮನೆಯಿಂದ ಒಂದು ಧ್ವನಿ.

ಮಾವನವರು ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಮ್ಮನನ್ನು ಕರೆದುಕೊಂಡು ಕಾರವಾರದ ಬಸ್ಸಿಗೆ ಹೊರಟುಹೋಗಿದ್ದರು. ಆತನಿಗೂ ಆರು ತಿಂಗಳಿಂದ 'ಮೂಲವ್ಯಾಧಿ'ಯಂತೆ.